ಸ್ಪಿಂಡಲ್ ಇಲ್ಲದ ಬ್ಯಾಕ್ಟೀರಿಯಾ ಡಿಎನ್‌ಎ ಹಂಚುವುದು ಹೇಗೆ?

ಪ್ರಶ್ನೆ: ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ನಮ್ಮಂಥ ಜೀವಿಗಳ ಕೋಶ ಎರಡಾಗುವ ಮೈಟೋಸಿಸ್‌ಗೆ ಪುಸ್ತಕದಲ್ಲಿ ಪುಟಗಟ್ಟಲೆ ಜಾಗ ಇದೆ. ಬ್ಯಾಕ್ಟೀರಿಯಾ ಬಗ್ಗೆ ಮಾತ್ರ ದ್ವಿವಿದಳನದಿಂದ ಎರಡಾಗುತ್ತದೆ, ಮೀಸೋಸೋಮ್ ನೆರವಾಗುತ್ತದೆ ಎಂದಷ್ಟೇ ಬರೆದಿದೆ. ವರ್ಣತಂತುಗಳನ್ನು ಎಳೆಯುವ ಸ್ಪಿಂಡಲ್ ಎಳೆಗಳೇ ಇಲ್ಲದೆ ಅದರ ಡಿಎನ್‌ಎ ಎರಡೂ ಮರಿಕೋಶಗಳಿಗೆ ಸರಿಯಾಗಿ ಹೇಗೆ ಹೋಗುತ್ತದೆ? ಅದು 20 ನಿಮಿಷದಲ್ಲಿ ಎರಡಾದರೆ ನಮ್ಮ ಕೋಶಕ್ಕೆ ಒಂದು ದಿನ ಏಕೆ ಬೇಕು? ಎರಡನ್ನೂ ಕಾಲೇಜಿನ ಲ್ಯಾಬಿನಲ್ಲಿ ನೋಡಬಹುದೇ? ಏಪ್ರಿಲ್‌ನಲ್ಲಿ ಉಳ್ಳಾಗಡ್ಡಿ ಬೇರಿನ ಸ್ಲೈಡ್ ಮಾಡಿದ್ದೆವು, ವಿಭಜನೆಯಾಗುತ್ತಿರುವ ಒಂದು ಕೋಶವೂ ಕಾಣಲಿಲ್ಲ.

ಉತ್ತರ: ಮೀಸೋಸೋಮ್ ವಿಷಯ ಮೊದಲು ಮುಗಿಸೋಣ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗಾಗಿ ಬ್ಯಾಕ್ಟೀರಿಯಾವನ್ನು ರಾಸಾಯನಿಕಗಳಲ್ಲಿ ಅದ್ದಿ ಸಿದ್ಧಮಾಡುತ್ತಿದ್ದ ಕಾಲದಲ್ಲಿ, ಪೊರೆ ಒಳಕ್ಕೆ ಮಡಚಿಕೊಂಡ ಗಂಟುಗಳು ಕಾಣುತ್ತಿದ್ದವು. ಆ ಗಂಟುಗಳೇ ಮೀಸೋಸೋಮ್. ಆಮೇಲೆ ರಾಸಾಯನಿಕ ಬಿಟ್ಟು ಕೋಶವನ್ನು ಕ್ಷಣಾರ್ಧದಲ್ಲಿ ಅತಿಶೀತಕ್ಕಿಳಿಸಿ ನೋಡಿದಾಗ ಗಂಟುಗಳು ಇರಲಿಲ್ಲ. ಅಂದರೆ ಅವು ಜೀವಂತ ಕೋಶದ ಅಂಗವಲ್ಲ, ಸಿದ್ಧಪಡಿಸುವ ಕ್ರಮದಿಂದ ಆದ ವಿಕಾರ. ಪರೀಕ್ಷೆಯಲ್ಲಿ ಪಠ್ಯದಲ್ಲಿರುವುದನ್ನೇ ಬರೆಯಿರಿ, ಅಂಕ ಬಿಡಬೇಡಿ. ಆದರೆ ನೀವು ಕೇಳಿದ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಒಡೆಯುವ ಯಾವ ಕೋಶಕ್ಕೂ ಎರಡು ಕೆಲಸ ತಪ್ಪುವುದಿಲ್ಲ. ನಕಲಾದ ಡಿಎನ್‌ಎಯ ಒಂದೊಂದು ಪ್ರತಿ ಒಂದೊಂದು ಕಡೆ ಸೇರಬೇಕು. ನಡುವಿನ ಅಡ್ಡಗೋಡೆ ಸರಿಯಾದ ಜಾಗದಲ್ಲಿ ಏಳಬೇಕು. ಬ್ಯಾಕ್ಟೀರಿಯಾ ಈ ಎರಡನ್ನೂ ಒಂದರ ಮೇಲೊಂದು ಹೊರಳುವಂತೆ ಏಕಕಾಲಕ್ಕೆ ನಡೆಸುತ್ತದೆ. ಕೋಶಕೇಂದ್ರ ಇರುವ ಕೋಶಗಳು, ಅಂದರೆ ನಮ್ಮವು, ಜೋಳದವು, ಉಳ್ಳಾಗಡ್ಡಿಯವು, ಒಂದು ಹಂತ ಮುಗಿಯಿತೆಂದು ಖಾತ್ರಿಯಾಗದೆ ಮುಂದಿನದಕ್ಕೆ ಕೈ ಹಾಕುವುದಿಲ್ಲ. ನನ್ನ ಮಟ್ಟಿಗೆ ಮೂಲ ವ್ಯತ್ಯಾಸ ಇದು. 'ಒಂದು ಸರಳ, ಇನ್ನೊಂದು ಸಂಕೀರ್ಣ' ಎಂದು ಓದಿಕೊಂಡರೆ ಮುಂದಿನದ್ಯಾವುದೂ ಸರಿಯಾಗಿ ಅರ್ಥವಾಗುವುದಿಲ್ಲ.

ಬ್ಯಾಕ್ಟೀರಿಯಾದ ಡಿಎನ್‌ಎ ನಕಲಾಗುತ್ತಲೇ ಬೇರೆಯಾಗುತ್ತದೆ

ನಮ್ಮ ಕರುಳಿನಲ್ಲಿರುವ ಇ. ಕೋಲೈಯನ್ನೇ ತೆಗೆದುಕೊಳ್ಳಿ. ಉದ್ದ ಸುಮಾರು 2 ಮೈಕ್ರೋಮೀಟರ್, ಅಗಲ ಸುಮಾರು 1. ಒಳಗೆ ಒಂದೇ ವೃತ್ತಾಕಾರದ ವರ್ಣತಂತು, ಅದರಲ್ಲಿ ಡಿಎನ್‌ಎಯ ಅಕ್ಷರಗಳೆನ್ನಬಹುದಾದ ಬೇಸ್‌ಗಳ ಸುಮಾರು 46 ಲಕ್ಷ ಜೋಡಿ. ಬಿಡಿಸಿ ಹರಡಿದರೆ ಒಂದೂವರೆ ಮಿಲಿಮೀಟರಿಗಿಂತ ತುಸು ಹೆಚ್ಚು, ಅಂದರೆ ಕೋಶದ ಉದ್ದದ ಸುಮಾರು ಎಂಟುನೂರು ಪಟ್ಟು. ನಕಲು ಶುರುವಾಗುವುದು ಒಂದೇ ಜಾಗದಲ್ಲಿ. ಓರಿ-ಸಿ ಎನ್ನುವ ಆ ತುಣುಕು ಬರೀ 245 ಬೇಸ್ ಜೋಡಿಯಷ್ಟು. ಡಿಎನ್‌ಎ-ಎ ಎಂಬ ಪ್ರೋಟೀನ್ ಅಲ್ಲಿ ಗುಂಪುಗೂಡಿ ಎರಡು ಎಳೆಗಳನ್ನು ಬಿಚ್ಚುತ್ತದೆ. ಅಲ್ಲಿಂದ ಎರಡು ಕವಲುಗಳು ವಿರುದ್ಧ ದಿಕ್ಕಿಗೆ ಹೊರಟು, ಒಂದೊಂದೂ ಸೆಕೆಂಡಿಗೆ ಸುಮಾರು 1000 ಬೇಸ್‌ಗಳಂತೆ ನಕಲು ಮಾಡುತ್ತ, ವೃತ್ತದ ಆಚೆಬದಿಯಲ್ಲಿ ಎದುರಾಗುತ್ತವೆ. ಒಂದೊಂದರ ಪಾಲಿಗೆ 23 ಲಕ್ಷ ಬೇಸ್ ಬರುವುದರಿಂದ ಲೆಕ್ಕ ಸುಮಾರು 40 ನಿಮಿಷಕ್ಕೆ ಬಂದು ನಿಲ್ಲುತ್ತದೆ.

ಎರಡು ಪ್ರತಿಗಳು ದೂರ ಸರಿಯುವುದು ಹೇಗೆ? 1963ರಲ್ಲಿ ಜೇಕಬ್, ಬ್ರೆನರ್ ಮತ್ತು ಕ್ಯೂಜಾನ್ ಒಂದು ಊಹೆ ಮುಂದಿಟ್ಟರು: ಎರಡೂ ಪ್ರತಿಗಳು ಪೊರೆಗೆ ಅಂಟಿಕೊಂಡಿರುತ್ತವೆ, ನಡುವಿನ ಪೊರೆ ಬೆಳೆದಂತೆ ತಾವಾಗಿ ದೂರವಾಗುತ್ತವೆ. ಅನೇಕ ಪುಸ್ತಕಗಳಲ್ಲಿ ಇಂದಿಗೂ ಅದೇ ಚಿತ್ರ ಇದೆ. ಡಿಎನ್‌ಎಯ ನಿರ್ದಿಷ್ಟ ಜಾಗಕ್ಕೆ ಹೊಳೆಯುವ ಗುರುತು ಹಾಕಿ ಜೀವಂತ ಕೋಶದಲ್ಲೇ ನೋಡುವುದು ಸಾಧ್ಯವಾದ ಮೇಲೆ ಆ ಚಿತ್ರ ನಿಲ್ಲಲಿಲ್ಲ. ನಕಲಾದ ಎರಡು ಓರಿ ತುಣುಕುಗಳು ಕೋಶ ಬೆಳೆಯುವ ವೇಗಕ್ಕಿಂತ ಬೇಗ ಪರಸ್ಪರ ದೂರ ಸರಿಯುತ್ತವೆ, ಅದೂ ಉಳಿದ ಡಿಎನ್‌ಎ ಇನ್ನೂ ನಕಲಾಗುತ್ತಿರುವಾಗಲೇ. ಮೈಟೋಸಿಸ್‌ನಲ್ಲಿ ನಕಲು ಪೂರ್ತಿ ಮುಗಿದು, ಗಂಟೆಗಳು ಕಳೆದ ಮೇಲೆ ಹಂಚಿಕೆ. ಇಲ್ಲಿ ನಕಲು ಮತ್ತು ಹಂಚಿಕೆಯ ನಡುವೆ ಬಿಡುವೇ ಇಲ್ಲ.

ಎಳೆಯುವ ಯಂತ್ರ ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಒಂದೇ ಅಲ್ಲ. ಕೌಲೋಬ್ಯಾಕ್ಟರ್, ಬ್ಯಾಸಿಲಸ್, ಕಾಲರಾ ತರುವ ವಿಬ್ರಿಯೊ ಇವುಗಳಲ್ಲಿ ಪಾರ್ ಎಂಬ ವ್ಯವಸ್ಥೆ ಇದೆ. ಓರಿಯ ಹತ್ತಿರದ ತುಣುಕಿಗೆ ಪಾರ್-ಬಿ ಅಂಟಿಕೊಳ್ಳುತ್ತದೆ. ಪಾರ್-ಎ ಎಲ್ಲಿ ದಟ್ಟವಾಗಿದೆಯೋ ಆ ಕಡೆಗೆ, ಕೋಶದ ಇಂಧನವಾದ ಎಟಿಪಿ ಖರ್ಚುಮಾಡುತ್ತ, ಆ ಗುಚ್ಛ ಸಾಗುತ್ತದೆ. ಇ. ಕೋಲೈ ವರ್ಣತಂತುವಿಗೆ ಈ ವ್ಯವಸ್ಥೆಯೂ ಇಲ್ಲ. ಅಲ್ಲಿ ಮುಕ್-ಬಿಇಎಫ್ ಎಂಬ ಪ್ರೋಟೀನ್ ಕೂಟ ಡಿಎನ್‌ಎಯನ್ನು ಕುಣಿಕೆ ಕುಣಿಕೆಯಾಗಿ ಸುತ್ತಿ ಅಡಕಮಾಡುತ್ತದೆ. ಇಕ್ಕಟ್ಟಾದ ಕೊಳವೆಯಲ್ಲಿ ಎರಡು ಉದ್ದನೆಯ ಅಣುಗಳು ಒಂದರೊಳಗೊಂದು ಬೆರೆಯದೆ ದೂರ ಸರಿಯಲು ಒಲಿಯುವ ಭೌತಿಕ ಗುಣವೂ ನೆರವಿಗೆ ಬರುತ್ತದೆ.

ಕಷ್ಟ ಇರುವುದು ಕೊನೆಯಲ್ಲಿ. ವೃತ್ತಾಕಾರದ ಡಿಎನ್‌ಎ ನಕಲಾದಾಗ ಎರಡು ವೃತ್ತಗಳು ಸರಪಳಿಯ ಕೊಂಡಿಗಳಾಗಿ ಸಿಕ್ಕಿಕೊಂಡಿರುತ್ತವೆ. ಟೋಪೋಐಸೋಮರೇಸ್ 4 ಎಂಬ ಕಿಣ್ವ ಒಂದು ವೃತ್ತವನ್ನು ಕತ್ತರಿಸಿ, ಇನ್ನೊಂದನ್ನು ಅದರೊಳಗಿಂದ ದಾಟಿಸಿ, ಮತ್ತೆ ಬೆಸೆಯುತ್ತದೆ. ಸುಮಾರು ನೂರರಲ್ಲಿ ಹತ್ತು ಹದಿನೈದು ಕೋಶಗಳಲ್ಲಿ ಎರಡೂ ವೃತ್ತಗಳು ಬೆಸೆದು ಒಂದೇ ದೊಡ್ಡ ವೃತ್ತವಾಗಿಬಿಟ್ಟಿರುತ್ತವೆ. ಆಗ ಅಡ್ಡಗೋಡೆಯ ಬಾಯಲ್ಲೇ ಕೂತಿರುವ ಎಫ್‌ಟಿಎಸ್-ಕೆ ಎಂಬ ಮೋಟಾರ್ ಸೆಕೆಂಡಿಗೆ ಸುಮಾರು 5000 ಬೇಸ್‌ಗಳ ವೇಗದಲ್ಲಿ ಡಿಎನ್‌ಎಯನ್ನು ಆಚೀಚೆ ತಳ್ಳುತ್ತದೆ. ಡಿಫ್ ಎನ್ನುವ ಜಾಗ ಸಿಕ್ಕ ಕೂಡಲೇ ಅಲ್ಲಿ ಕತ್ತರಿಸಿ ಎರಡು ಮಾಡುವುದು ಎಕ್ಸ್‌ಇಆರ್-ಸಿ ಮತ್ತು ಎಕ್ಸ್‌ಇಆರ್-ಡಿ. ಇಷ್ಟೆಲ್ಲ ನಡೆಯುವುದನ್ನು 'ಸುಮ್ಮನೆ ಎರಡಾಗುತ್ತದೆ' ಎನ್ನುವುದು ತೀರಾ ಅನ್ಯಾಯ. ಕೆಲವು ಗೈಡುಗಳು ಇದನ್ನು ಅಮೈಟೋಸಿಸ್ ಎಂದು ಕರೆಯುತ್ತವೆ. ಕೋಶಕೇಂದ್ರವೇ ಹೇಗೆಂದರೆ ಹಾಗೆ ಸೀಳಿಕೊಳ್ಳುವುದಕ್ಕೆ ಇಟ್ಟ ಹೆಸರದು. ಬ್ಯಾಕ್ಟೀರಿಯಾಕ್ಕೆ ಹಚ್ಚಬಾರದು.

ಬ್ಯಾಕ್ಟೀರಿಯಾಕ್ಕೆ ವರ್ಣತಂತು ಒಂದೇ ಎಂಬುದೂ ಎಲ್ಲ ಕಡೆ ನಿಜವಲ್ಲ. ಕಾಲರಾ ಬ್ಯಾಕ್ಟೀರಿಯಾಕ್ಕೆ ಎರಡಿವೆ.

ನಡು ಎಲ್ಲಿದೆ ಎಂದು ತಿಳಿಯುವುದು

ಅಡ್ಡಗೋಡೆಯ ಜಾಗವನ್ನು ಗುರುತಿಸುವುದು ಎಫ್‌ಟಿಎಸ್-ಝಡ್ ಎಂಬ ಪ್ರೋಟೀನ್. ಕೋಶದ ನಡುವೆ ಪೊರೆಯ ಒಳಮೈಗೆ ಅದು ಉಂಗುರವಾಗಿ ಕೂಡುತ್ತದೆ. 1991ರಲ್ಲಿ ಬೀ ಮತ್ತು ಲುಟ್ಕೆನ್‌ಹೌಸ್ ಈ ಉಂಗುರವನ್ನು ತೋರಿಸಿದರು. ಉಂಗುರ ತುದಿಯಲ್ಲಿ ಕೂಡದಂತೆ ತಡೆಯುವುದು ಮಿನ್-ಸಿ. ಇದು ಮಿನ್-ಡಿ ಜೊತೆ ಸೇರಿ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಾಡುತ್ತಲೇ ಇರುತ್ತದೆ, ಹಿಂದಿನಿಂದ ಮಿನ್-ಇ ಅಟ್ಟುತ್ತದೆ. ಒಂದು ಸುತ್ತು ಮುಗಿಯಲು ಒಂದು ನಿಮಿಷದ ಆಸುಪಾಸು. ತುದಿಗಳಲ್ಲಿ ತಂಗಿ ತಂಗಿ ಹೋಗುವುದರಿಂದ ಸರಾಸರಿಯಲ್ಲಿ ತಡೆ ಅತಿ ಕಡಿಮೆ ಇರುವ ಜಾಗ ನಟ್ಟನಡುವೆ ಆಗುತ್ತದೆ. ಉಂಗುರ ಅಲ್ಲೇ ಕೂಡುತ್ತದೆ. ಡಿಎನ್‌ಎ ಇನ್ನೂ ನಡುವಿನಲ್ಲೇ ರಾಶಿಯಾಗಿದ್ದರೆ ಎಸ್‌ಎಲ್‌ಎಂ-ಎ ಎಂಬ ಇನ್ನೊಂದು ಪ್ರೋಟೀನ್ ಅಲ್ಲಿಯೂ ಉಂಗುರ ಕಟ್ಟಲು ಬಿಡುವುದಿಲ್ಲ. ಅಂದರೆ ಇ. ಕೋಲೈ ನಡುವನ್ನು ಹುಡುಕುವುದು ಮುಖ್ಯವಾಗಿ 'ಇಲ್ಲಿ ಕಟ್ಟು' ಎಂಬ ಗುರುತಿನಿಂದಲ್ಲ, 'ಇಲ್ಲಿ ಬೇಡ, ಅಲ್ಲಿ ಬೇಡ' ಎಂಬ ತಡೆಗಳಿಂದ.

ತಡೆ ಕೆಟ್ಟರೆ ಏನಾಗುತ್ತದೆ ಎಂಬುದೂ ಗೊತ್ತಿದೆ. ಮಿನ್ ಜೀನ್‌ಗಳು ಕೆಟ್ಟ ಇ. ಕೋಲೈ ತುದಿಯಲ್ಲಿ ಒಡೆದು, ವರ್ಣತಂತುವೇ ಇಲ್ಲದ ಪುಟ್ಟ ಗುಂಡನೆಯ ಕೋಶಗಳನ್ನು ಉದುರಿಸುತ್ತದೆ. ಅವಕ್ಕೆ ಮಿನಿಸೆಲ್ ಎಂದು ಹೆಸರು. ಇನ್ನು ಎಫ್‌ಟಿಎಸ್ ಜೀನ್ ಶಾಖ ತಾಳದಂತೆ ಕೆಟ್ಟಿದ್ದರೆ 30° ಸೆಲ್ಸಿಯಸ್‌ನಲ್ಲಿ ಎಲ್ಲ ಸರಿಯಾಗಿ ನಡೆಯುತ್ತದೆ, 42°ಗೆ ಏರಿಸಿದಾಗ ಒಡೆಯುವುದು ನಿಲ್ಲುತ್ತದೆ. ಬೆಳೆಯುವುದು, ಡಿಎನ್‌ಎ ನಕಲಾಗುವುದು ಮಾತ್ರ ನಿಲ್ಲುವುದಿಲ್ಲ. ಕೋಶ ಉದ್ದನೆಯ ನೂಲಾಗುತ್ತ ಹೋಗುತ್ತದೆ. ಈ ಕೆಟ್ಟ ತಳಿಗಳಿಂದಲೇ ಈ ಜೀನ್‌ಗಳು ಮೊದಲು ಪತ್ತೆಯಾದವು.

ಉಂಗುರ ಕೋಶವನ್ನು ಬಿಗಿದು ಕತ್ತರಿಸುತ್ತದೆ ಎಂದು ಬಹಳ ಕಾಲ ಭಾವಿಸಿದ್ದರು. ಪ್ರಾಣಿಕೋಶದಲ್ಲಿ ಆಗುವುದು ಅದೇ: ಪೊರೆಯ ಕೆಳಗೆ ಆಕ್ಟಿನ್ ಮತ್ತು ಮಯೋಸಿನ್ ಉಂಗುರ ಸೇರಿ, ಚೀಲದ ಲಾಡಿ ಎಳೆದಂತೆ ನಡುವನ್ನು ಬಿಗಿಯುತ್ತದೆ. ಬ್ಯಾಕ್ಟೀರಿಯಾದಲ್ಲಿ ಹೊರಗೆ ಗಟ್ಟಿ ಕೋಶಭಿತ್ತಿ, ಒಳಗಡೆ ಭಾರೀ ಒತ್ತಡ. ಎಳೆದರೆ ಬಾಗುವ ಚೀಲವಲ್ಲ ಅದು. 2017ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ತೋರಿಸಿದಂತೆ, ಎಫ್‌ಟಿಎಸ್-ಝಡ್ ಎಳೆಗಳು ಒಂದು ತುದಿಯಲ್ಲಿ ಬೆಳೆಯುತ್ತ, ಇನ್ನೊಂದರಲ್ಲಿ ಕರಗುತ್ತ ಉಂಗುರದಲ್ಲಿ ಸುತ್ತುತ್ತವೆ. ಗೋಡೆ ಕಟ್ಟುವ ಕಿಣ್ವಗಳು ಅವುಗಳ ಜೊತೆಗೇ ಸುತ್ತುತ್ತ ಪೆಪ್ಟಿಡೋಗ್ಲೈಕನ್ ಪದರಗಳನ್ನು ಒಳಮುಖವಾಗಿ ಕಟ್ಟುತ್ತ ಬರುತ್ತವೆ. ಮುಖ್ಯ ಕೆಲಸ ಬಿಗಿಯುವುದಲ್ಲ, ಕಟ್ಟುವುದು.

ಸಸ್ಯಕೋಶಕ್ಕೂ ಗೋಡೆ ಇದೆ, ಆದರೆ ಅದರ ದಾರಿ ತೀರಾ ಬೇರೆ. ಉಳ್ಳಾಗಡ್ಡಿ ಬೇರಿನಲ್ಲಿ ವಿಭಜನೆಗೆ ಮೊದಲೇ ಪೊರೆಯ ಕೆಳಗೆ ಸೂಕ್ಷ್ಮನಾಳಿಕೆಗಳ ಪಟ್ಟಿಯೊಂದು ಬಂದು, ಮುಂದೆ ಗೋಡೆ ಎಲ್ಲಿ ಸೇರಬೇಕೆಂದು ಗುರುತುಮಾಡಿ, ತಾನು ಮಾಯವಾಗುತ್ತದೆ. ವರ್ಣತಂತುಗಳು ಬೇರೆಯಾದ ಮೇಲೆ ಗಾಲ್ಜಿಯಿಂದ ಬಂದ ಪುಟ್ಟ ಕೋಶಿಕೆಗಳು ನಡುವೆ ಸೇರಿ ಬೆಸೆದು ಒಂದು ಫಲಕವಾಗುತ್ತದೆ. ಆ ಫಲಕ ನಡುವಿನಿಂದ ಅಂಚಿನ ಕಡೆಗೆ ಹರಡಿ, ಮೊದಲೇ ಗುರುತು ಮಾಡಿದ್ದ ಜಾಗದಲ್ಲಿ ಹಳೆಯ ಗೋಡೆಗೆ ಕೂಡುತ್ತದೆ. ಪ್ರಾಣಿಕೋಶ ಮತ್ತು ಬ್ಯಾಕ್ಟೀರಿಯಾ ಹೊರಗಿನಿಂದ ಒಳಕ್ಕೆ, ಸಸ್ಯಕೋಶ ಒಳಗಿನಿಂದ ಹೊರಕ್ಕೆ.

ಕೆಲಸ ಅದಲುಬದಲಾದ ಎರಡು ಪ್ರೋಟೀನ್‌ಗಳು

ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸುವ ಸಂಗತಿ ಇದು. ಎಫ್‌ಟಿಎಸ್-ಝಡ್ ಮತ್ತು ನಮ್ಮ ಸ್ಪಿಂಡಲ್ ಎಳೆಗಳ ಟ್ಯುಬ್ಯುಲಿನ್, ಇವೆರಡರ ಮೂರು ಆಯಾಮದ ರಚನೆ 1998ರಲ್ಲಿ ಒಟ್ಟಿಗೆ ತಿಳಿಯಿತು. ಪಕ್ಕಪಕ್ಕ ಇಟ್ಟರೆ ಒಂದೇ ವಂಶದವೆಂದು ಗೊತ್ತಾಗುವಷ್ಟು ಹೋಲಿಕೆ. ಆದರೆ ಬ್ಯಾಕ್ಟೀರಿಯಾದಲ್ಲಿ ಈ ವಂಶದ ಪ್ರೋಟೀನ್ ಕೋಶವನ್ನು ಎರಡಾಗಿಸುತ್ತದೆ, ನಮ್ಮಲ್ಲಿ ವರ್ಣತಂತುಗಳನ್ನು ಎಳೆಯುತ್ತದೆ. ಇನ್ನು ಆಕ್ಟಿನ್ ವಂಶ ನೋಡಿ. ನಮ್ಮಲ್ಲಿ ಕೋಶವನ್ನು ಬಿಗಿದು ಎರಡಾಗಿಸುವುದು ಅದು. ಬ್ಯಾಕ್ಟೀರಿಯಾದಲ್ಲಿ ಆ ವಂಶದ ಪಾರ್-ಎಂ ಕೆಲವು ಪ್ಲಾಸ್ಮಿಡ್‌ಗಳ, ಅಂದರೆ ವರ್ಣತಂತುವಿನ ಹೊರಗಿನ ಪುಟ್ಟ ಡಿಎನ್‌ಎ ತುಣುಕುಗಳ, ಎರಡು ಪ್ರತಿಗಳನ್ನು ತುದಿಗಳಿಗೆ ತಳ್ಳುತ್ತದೆ, ಎಂಆರ್‌ಇ-ಬಿ ಕೋಶದ ಕೋಲಿನಾಕಾರ ಕಾಯುತ್ತದೆ. ಎರಡೂ ಕಡೆ ವಂಶಗಳು ಅವೇ, ಕೆಲಸ ಮಾತ್ರ ಅದಲುಬದಲು.

ಹಾಗಾಗಿ ಬ್ಯಾಕ್ಟೀರಿಯಾದ ವಿಭಜನೆ ಹಳೆಯದು, ಮೈಟೋಸಿಸ್ ಅದರ ಸುಧಾರಿತ ರೂಪ ಎಂದು ಗೆರೆ ಎಳೆದುಬಿಡಬೇಡಿ. ಜೋಳದ ಎಲೆಯ ಕೋಶದಲ್ಲೇ ಎರಡೂ ಇವೆ. ಕೋಶ ಒಡೆಯುವುದು ಮೈಟೋಸಿಸ್‌ನಿಂದ. ಅದರೊಳಗಿನ ಕ್ಲೋರೋಪ್ಲಾಸ್ಟ್ ಮಾತ್ರ ತನ್ನ ಬ್ಯಾಕ್ಟೀರಿಯಾ ಪೂರ್ವಜರಿಂದ ಬಂದ ಎಫ್‌ಟಿಎಸ್-ಝಡ್ ಉಂಗುರವನ್ನು ಇಂದಿಗೂ ಕಟ್ಟಿಕೊಂಡೇ ಎರಡಾಗುತ್ತದೆ. ನಮ್ಮ ಮೈಟೋಕಾಂಡ್ರಿಯ ಆ ಉಂಗುರ ಕಳೆದುಕೊಂಡಿದೆ, ಡೈನಮಿನ್ ವಂಶದ ಪ್ರೋಟೀನ್ ಅದನ್ನು ಹೊರಗಿನಿಂದ ಸುತ್ತಿ ತುಂಡರಿಸುತ್ತದೆ. ಕಲಬುರಗಿ ಸೀಮೆಯ ತೊಗರಿ ಹೊಲಗಳಲ್ಲಿ ಇನ್ನೊಂದು ಉದಾಹರಣೆ ಇದೆ. ಬೇರಿನ ಗಂಟು ಬೆಳೆಯುವುದು ತೊಗರಿಯ ಕೋಶಗಳ ಮೈಟೋಸಿಸ್‌ನಿಂದ, ಒಳಗೆ ಸಾರಜನಕ ಹಿಡಿಯುವ ರೈಜೋಬಿಯಾ ಹೆಚ್ಚುವುದು ದ್ವಿವಿದಳನದಿಂದ. ಈ ರೈಜೋಬಿಯಾಗಳು ಇ. ಕೋಲೈ ಹಾಗೆ ಪಕ್ಕದ ಗೋಡೆಯುದ್ದಕ್ಕೂ ಬೆಳೆಯುವುದಿಲ್ಲ, ಒಂದು ತುದಿಯಿಂದ ಬೆಳೆಯುತ್ತವೆ.

20 ನಿಮಿಷ ಮತ್ತು ಒಂದು ದಿನ

ಒಳ್ಳೆಯ ಆಹಾರ, 37° ಶಾಖ ಇದ್ದರೆ ಇ. ಕೋಲೈ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಡಿಎನ್‌ಎ ನಕಲಿಗೇ 40 ನಿಮಿಷ ಬೇಕು ಎಂದೆನಲ್ಲ, ಆಮೇಲೆ ಒಡೆಯಲು ಇನ್ನೂ ಸುಮಾರು 20 ನಿಮಿಷ ಬೇಕು. 60 ನಿಮಿಷದ ಕೆಲಸ 20 ನಿಮಿಷದಲ್ಲಿ ಹೇಗಾಯಿತು? 1968ರಲ್ಲಿ ಕೂಪರ್ ಮತ್ತು ಹೆಲ್ಮ್‌ಸ್ಟೆಟರ್ ಇದನ್ನು ಬಿಡಿಸಿದರು. ಒಂದು ಸುತ್ತಿನ ನಕಲು ಮುಗಿಯುವ ಮೊದಲೇ ಅದೇ ಡಿಎನ್‌ಎಯ ಮೇಲೆ ಮುಂದಿನ ಸುತ್ತು, ಅದರ ಮೇಲೆ ಮತ್ತೊಂದು ಸುತ್ತು ಶುರುವಾಗಿರುತ್ತದೆ. ಈಗ ಒಡೆಯುತ್ತಿರುವ ಕೋಶಕ್ಕೆ ಬೇಕಾದ ನಕಲು ಶುರುವಾದದ್ದು ಅದರ ಅಜ್ಜಿ ಕೋಶದ ಕಾಲದಲ್ಲಿ. ವೇಗವಾಗಿ ಬೆಳೆಯುವ ಕೋಶ ಹುಟ್ಟುವಾಗಲೇ ಅದರಲ್ಲಿ ಓರಿಗಳು ನಾಲ್ಕೋ ಎಂಟೋ ಇರುತ್ತವೆ.

ಕೋಶಕೇಂದ್ರ ಇರುವ ಕೋಶದಲ್ಲಿ ಇದಕ್ಕೆ ಅನುಮತಿಯೇ ಇಲ್ಲ. ನಕಲಿಗೆ ಮುಂಚಿನ ಜಿ1 ಹಂತದಲ್ಲಿ, ನಕಲು ಶುರುವಾಗುವ ಪ್ರತಿ ಆರಂಭಬಿಂದುವಿಗೂ ಎಂಸಿಎಂ ಎಂಬ ಪ್ರೋಟೀನ್ ಕೂಟ ಕೂಡಬೇಕು, ಅದೇ ನಕಲಿನ ಪರವಾನಗಿ. ನಕಲು ನಡೆಯುವ ಎಸ್ ಹಂತ ಶುರುವಾದ ಮೇಲೆ ಹೊಸ ಪರವಾನಗಿ ಸಿಗುವುದಿಲ್ಲ, ಮುಂದಿನ ಜಿ1 ಬರುವವರೆಗೂ. ಒಂದು ಚಕ್ರಕ್ಕೆ ಒಂದೇ ನಕಲು. ಈ ಬಾಗಿಲುಗಳನ್ನು ತೆರೆದು ಮುಚ್ಚುವ ಸೈಕ್ಲಿನ್ ಮತ್ತು ಸಿಡಿಕೆ ಎಂಬ ಪ್ರೋಟೀನ್‌ಗಳನ್ನು ಪತ್ತೆಮಾಡಿದ್ದಕ್ಕೆ ಹಾರ್ಟ್‌ವೆಲ್, ಹಂಟ್, ನರ್ಸ್ ಮೂವರಿಗೂ 2001ರ ನೊಬೆಲ್ ಬಂತು.

ಡಿಎನ್‌ಎಯ ಪ್ರಮಾಣವೂ ದೊಡ್ಡದು. ಮನುಷ್ಯನ ಒಂದು ಕೋಶದಲ್ಲಿ 46 ವರ್ಣತಂತು, ಸುಮಾರು 640 ಕೋಟಿ ಬೇಸ್ ಜೋಡಿ, ಉದ್ದ 2 ಮೀಟರ್. ಹಿಸ್ಟೋನ್ ಎಂಬ ಪ್ರೋಟೀನ್‌ಗಳಿಗೆ ಸುತ್ತಿದ ಈ ಡಿಎನ್‌ಎಯ ಮೇಲೆ ಕವಲು ನಿಮಿಷಕ್ಕೆ 2000 ಬೇಸ್‌ಗಳಷ್ಟೇ ಸಾಗುತ್ತದೆ. ನಮ್ಮ 1ನೇ ವರ್ಣತಂತುವಿನಲ್ಲಿ ಸುಮಾರು 25 ಕೋಟಿ ಬೇಸ್ ಜೋಡಿ ಇವೆ. ಬ್ಯಾಕ್ಟೀರಿಯಾದಂತೆ ಅದಕ್ಕೂ ಒಂದೇ ಆರಂಭಬಿಂದು ಇದ್ದಿದ್ದರೆ ನಕಲು ಮುಗಿಯಲು 43 ದಿನ ಬೇಕಿತ್ತು. ಅದಕ್ಕೇ ನಮ್ಮ ಡಿಎನ್‌ಎಯಲ್ಲಿ ಹತ್ತಾರು ಸಾವಿರ ಆರಂಭಬಿಂದುಗಳು. ಹಾಗಾಗಿ ನಕಲು 8 ಗಂಟೆಯಲ್ಲಿ ಮುಗಿಯುತ್ತದೆ. 24 ಗಂಟೆಯ ಚಕ್ರದಲ್ಲಿ ಉಳಿದದ್ದು ಜಿ1 ಸುಮಾರು 11, ನಕಲಿನ ನಂತರದ ಜಿ2 ಸುಮಾರು 4, ಮೈಟೋಸಿಸ್‌ಗೆ ಒಂದು ಗಂಟೆ.

ಆದರೂ 'ಡಿಎನ್‌ಎ ಹೆಚ್ಚು, ಅದಕ್ಕೆ ಹೊತ್ತು ಹೆಚ್ಚು' ಎಂದು ಮುಗಿಸಬೇಡಿ. ಹಣ್ಣುನೊಣದ ಎಳೆಯ ಭ್ರೂಣದಲ್ಲಿ ಕೋಶಕೇಂದ್ರಗಳು ಹತ್ತು ನಿಮಿಷದೊಳಗೆ ಎರಡಾಗುತ್ತವೆ. ತಾಯಿ ಮೊಟ್ಟೆಯಲ್ಲಿ ತುಂಬಿಟ್ಟ ಸಾಮಗ್ರಿಯಿಂದ ನಡೆಯುವ ಆ ವಿಭಜನೆಗಳಿಗೆ ಜಿ1, ಜಿ2 ಇಲ್ಲವೇ ಇಲ್ಲ. ಇನ್ನೊಂದು ಕಡೆ ಟಿಬಿ ಬ್ಯಾಕ್ಟೀರಿಯಾ ನೋಡಿ. ಡಿಎನ್‌ಎ 44 ಲಕ್ಷ ಬೇಸ್ ಜೋಡಿ, ಇ. ಕೋಲೈಗಿಂತ ಕಡಿಮೆ. ಎರಡಾಗಲು ಮಾತ್ರ ಹೆಚ್ಚುಕಡಿಮೆ ಒಂದು ದಿನ. ಕುಷ್ಠರೋಗದ್ದು ಅದಕ್ಕಿಂತ ಚಿಕ್ಕ ಡಿಎನ್‌ಎ, ಆದರೆ ಎರಡು ವಾರ. ಕಲಬುರಗಿಯಲ್ಲಾಗಲಿ ಬೀದರಿನಲ್ಲಾಗಲಿ ಮೂತ್ರದ ಕಲ್ಚರ್‌ಗೆ ಕೊಟ್ಟರೆ ಒಂದೆರಡು ದಿನಕ್ಕೆ ವರದಿ ಕೈಗೆ ಬರುತ್ತದೆ, ಕಫದ ಟಿಬಿ ಕಲ್ಚರ್‌ಗೆ ವಾರಗಟ್ಟಲೆ ಕಾಯಬೇಕು. ಕಾರಣ ಲ್ಯಾಬಿನ ಉದಾಸೀನವಲ್ಲ, ಆ ಕೋಶ ಒಡೆಯುವ ವೇಗ.

ಮೈಟೋಸಿಸ್‌ನಲ್ಲಿ ಕಾಯುವುದು

46 ವರ್ಣತಂತುಗಳು ನಕಲಾದರೆ 92 ಪ್ರತಿಗಳು, ಅವಕ್ಕೆ ಕ್ರೊಮ್ಯಾಟಿಡ್‌ಗಳು ಎಂದು ಹೆಸರು. ಪ್ರತಿ ಜೋಡಿಯಿಂದ ಒಂದೊಂದು ಒಂದೊಂದು ಕಡೆ ಹೋಗಬೇಕು. ಒಂದು ತಪ್ಪಿದರೂ ಮರಿಕೋಶಗಳು ಕೆಟ್ಟವು. ಅದಕ್ಕಾಗಿ ಕೊಹೆಸಿನ್ ಉಂಗುರಗಳು ಜೋಡಿಗಳನ್ನು ಗಂಟೆಗಟ್ಟಲೆ ಕೂಡಿಸಿ ಹಿಡಿದಿರುತ್ತವೆ. ಸ್ಪಿಂಡಲ್ ಎಳೆಗಳು ಎರಡೂ ಕಡೆಯಿಂದ ಬಂದು, ಕ್ರೊಮ್ಯಾಟಿಡ್‌ಗಳ ಮೇಲಿನ ಹಿಡಿಕೆಗಳಾದ ಕೈನೆಟೊಕೋರ್‌ಗಳಿಗೆ ಹತ್ತಿಕೊಳ್ಳಬೇಕು, ಎಳೆತ ಎರಡೂ ಬದಿಗೆ ಸಮ ಬೀಳಬೇಕು. ಎಳೆ ಸಿಗದ ಒಂದೇ ಒಂದು ಕೈನೆಟೊಕೋರ್ ಉಳಿದಿದ್ದರೂ ಅದು ಹೊರಡಿಸುವ ಸಂಕೇತ ಇಡೀ ಕೋಶವನ್ನು, ವರ್ಣತಂತುಗಳು ನಡುವೆ ಸಾಲುಗಟ್ಟುವ ಮೆಟಾಫೇಸ್‌ನಲ್ಲೇ ನಿಲ್ಲಿಸುತ್ತದೆ. ಎಲ್ಲ ಹತ್ತಿಕೊಂಡ ಮೇಲೆ ಸೆಪರೇಸ್ ಎಂಬ ಕಿಣ್ವ ಬಿಡುಗಡೆಯಾಗಿ ಕೊಹೆಸಿನ್ ಕತ್ತರಿಸುತ್ತದೆ, ಪ್ರತಿಗಳು ಬೇರೆಯಾಗುವ ಅನಾಫೇಸ್ ಶುರುವಾಗುತ್ತದೆ. ಇಂಥ ಕಾವಲು ಬ್ಯಾಕ್ಟೀರಿಯಾದ ಹಂಚಿಕೆಯಲ್ಲಿ ಇಲ್ಲ, ಕೈನೆಟೊಕೋರ್ ಕೂಡ ಇಲ್ಲ. ಮೈಟೋಸಿಸ್‌ನಲ್ಲಿ ನಮ್ಮ ಕೋಶಕೇಂದ್ರದ ಪೊರೆ ಕರಗುತ್ತದೆ, ಅದು ಮಾತ್ರ ಎಲ್ಲರಿಗೂ ಅನ್ವಯಿಸುವುದಿಲ್ಲ. ಬ್ರೆಡ್ಡಿಗೆ ಹಾಕುವ ಯೀಸ್ಟ್‌ನಲ್ಲಿ ಪೊರೆ ಹಾಗೇ ಇದ್ದು, ಸ್ಪಿಂಡಲ್ ಅದರೊಳಗೇ ಕಟ್ಟಿಕೊಳ್ಳುತ್ತದೆ.

ಈ ವ್ಯತ್ಯಾಸಗಳ ಮೇಲೆಯೇ ಎಷ್ಟೋ ಔಷಧಗಳು ನಿಂತಿವೆ. ಪೆನಿಸಿಲಿನ್ ಮತ್ತು ಸೆಫಲೆಕ್ಸಿನ್ ಪೆಪ್ಟಿಡೋಗ್ಲೈಕನ್ ಹೆಣೆಯುವ ಕಿಣ್ವಗಳನ್ನು ಹಿಡಿಯುತ್ತವೆ. ನಮ್ಮ ಕೋಶಕ್ಕೆ ಆ ಗೋಡೆಯೇ ಇಲ್ಲವಾದ್ದರಿಂದ ಆ ಪೆಟ್ಟು ನಮಗೆ ಬೀಳುವುದಿಲ್ಲ. ಸೆಫಲೆಕ್ಸಿನ್ ಮುಖ್ಯವಾಗಿ ಅಡ್ಡಗೋಡೆಯ ಕಿಣ್ವವನ್ನೇ ತಡೆಯುವುದರಿಂದ ಇ. ಕೋಲೈ ಮೊದಲು ನೂಲಿನಂತೆ ಉದ್ದವಾಗುತ್ತದೆ. ಸಿಪ್ರೊಫ್ಲಾಕ್ಸಸಿನ್ ಕೊಂಡಿ ಬಿಡಿಸುವ ಟೋಪೋಐಸೋಮರೇಸ್‌ಗಳನ್ನು ಕೆಡಿಸುತ್ತದೆ. ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್, ಪ್ಯಾಕ್ಲಿಟ್ಯಾಕ್ಸೆಲ್ ಟ್ಯುಬ್ಯುಲಿನ್ ಹಿಡಿಯುತ್ತವೆ. ಶಾಲೆಗಳಲ್ಲಿ ಜಂತುಹುಳುವಿಗೆ ಕೊಡುವ 400 ಮಿಲಿಗ್ರಾಂ ಅಲ್ಬೆಂಡಜೋಲ್ ಹುಳುವಿನ ಟ್ಯುಬ್ಯುಲಿನ್‌ಗೆ ಅಂಟುತ್ತದೆ. ಗೋಡೆಗೆ ಹೊಡೆಯುವ ಔಷಧ ಗೋಡೆ ಕಟ್ಟುತ್ತಿರುವ ಕೋಶಕ್ಕೆ ಮಾತ್ರ ಚೆನ್ನಾಗಿ ತಾಗುತ್ತದೆ. ಟಿಬಿಯಂಥ ನಿಧಾನದ, ಆಗಾಗ ಸುಮ್ಮನಿರುವ ಬ್ಯಾಕ್ಟೀರಿಯಾದ ಚಿಕಿತ್ಸೆ ತಿಂಗಳುಗಟ್ಟಲೆ ಎಳೆಯುವುದಕ್ಕೆ ಆ ನಿಧಾನವೂ ಒಂದು ಕಾರಣ.

ನಿಮ್ಮ ಸ್ಲೈಡ್ ಏಕೆ ಕೆಟ್ಟಿತು

ಯಾದಗಿರಿಯ ಏಪ್ರಿಲ್‌ನಲ್ಲಿ ಹೊರಗೆ 40° ದಾಟಿರುತ್ತದೆ. ಆ ಬಿಸಿಗೆ ಉಳ್ಳಾಗಡ್ಡಿಯ ಬೇರು ಸರಿಯಾಗಿ ಬೆಳೆಯುವುದಿಲ್ಲ, ನೀರು ಬೇಗ ಕೊಳೆಯುತ್ತದೆ, ಬೇರಿನ ತುದಿ ಕಂದಾಗುತ್ತದೆ. ಮೊದಲ ಅನುಮಾನ ಅದರ ಮೇಲೆ. ಅಕ್ಟೋಬರಿನಿಂದ ಫೆಬ್ರವರಿಯೊಳಗೆ ಮಾಡಿ. ಬೇಸಿಗೆಯಲ್ಲೇ ಮಾಡಬೇಕಾದರೆ ಮನೆಯ ಅತಿ ತಂಪಾದ ಮೂಲೆಯಲ್ಲಿಟ್ಟು ದಿನವೂ ನೀರು ಬದಲಿಸಿ. ಹಳೆಯ ಒಣ ಬೇರುಗಳನ್ನು ಬ್ಲೇಡಿನಿಂದ ಕೆರೆದು ತೆಗೆದು, ಗಡ್ಡೆಯ ಬುಡ ಮಾತ್ರ ನೀರಿಗೆ ತಾಗುವಂತೆ ಗಾಜಿನ ಬಾಯಿಯ ಮೇಲೆ ಕೂಡಿಸಿ. ಮೂರರಿಂದ ಐದು ದಿನದಲ್ಲಿ 2 ರಿಂದ 3 ಸೆಂಟಿಮೀಟರ್ ಬಿಳಿ ಬೇರು ಬರುತ್ತದೆ.

ಬೆಳಿಗ್ಗೆ 8ರಿಂದ 10ರೊಳಗೆ ತುದಿಗಳನ್ನು ಕತ್ತರಿಸಿ, ಒಂದು ಭಾಗ ಅಸಿಟಿಕ್ ಆಮ್ಲಕ್ಕೆ ಮೂರು ಭಾಗ ಆಲ್ಕೋಹಾಲ್ ಸೇರಿಸಿದ ಹೊಸ ದ್ರಾವಣದಲ್ಲಿ 24 ಗಂಟೆ ಇಡಿ. ಹಳೆಯ ದ್ರಾವಣ ಬೇಡ. ಆಮೇಲೆ ಶೇ. 70ರ ಆಲ್ಕೋಹಾಲ್‌ನಲ್ಲಿ ಫ್ರಿಜ್ಜಿನಲ್ಲಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಸ್ಲೈಡಿನ ಮೇಲೆ ಬೇರಿಟ್ಟು 0.1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ, ಅಸಿಟೋಕಾರ್ಮೈನ್‌ನ ಎರಡು ಮೂರು ಹನಿ ಹಾಕಿ ಸ್ಪಿರಿಟ್ ದೀಪದ ಮೇಲೆ ಬೆಚ್ಚಗೆ ಮಾಡಿ. ಕುದಿಸಬಾರದು. ಕುದಿದರೆ ಬಣ್ಣ ಹರಳುಗಟ್ಟಿ ಎಲ್ಲೆಡೆ ಕಪ್ಪು ಚುಕ್ಕೆ ಬೀಳುತ್ತದೆ. 5 ರಿಂದ 10 ನಿಮಿಷ ಬಿಟ್ಟು ನೋಡಿದರೆ ತುದಿಯ ಒಂದೆರಡು ಮಿಲಿಮೀಟರ್ ಮಾತ್ರ ಗಾಢವಾಗಿ ಬಣ್ಣ ಹಿಡಿದಿರುತ್ತದೆ. ಅಷ್ಟನ್ನೇ ಉಳಿಸಿ ಉಳಿದದ್ದನ್ನು ಬಿಸಾಡಿ. ಬಹಳ ಮಕ್ಕಳು ಎಡವುವುದು ಇಲ್ಲೇ. ಅರ್ಧ ಸೆಂಟಿಮೀಟರ್ ಬೇರು ಜಜ್ಜುತ್ತಾರೆ, ಅದರಲ್ಲಿ ಹೆಚ್ಚಿನವು ಉದ್ದಕ್ಕೆ ಹಿಗ್ಗುತ್ತಿರುವ ಕೋಶಗಳು, ಒಡೆಯುವವಲ್ಲ. ಕವರ್‌ಸ್ಲಿಪ್ ಇಟ್ಟು, ಬ್ಲಾಟಿಂಗ್ ಕಾಗದ ಮಡಚಿ ಮೇಲಿಟ್ಟು, ಹೆಬ್ಬೆರಳಿನಿಂದ ನೇರ ಕೆಳಕ್ಕೆ ಒತ್ತಿ. ಪಕ್ಕಕ್ಕೆ ಜರುಗಿದರೆ ಕೋಶಗಳು ಹರಿದು ಸುತ್ತಿಕೊಳ್ಳುತ್ತವೆ. ಕೋಶಗಳು ಬಿಡಿಯಾಗದೆ ಗುಂಪಾಗಿಯೇ ಉಳಿದರೆ ಮುಂದಿನ ಸಲ 1 ನಾರ್ಮಲ್ ಆಮ್ಲದಲ್ಲಿ 60° ಶಾಖದಲ್ಲಿ 5 ರಿಂದ 8 ನಿಮಿಷ ಮೆತ್ತಗಾಗಿಸಿ. ಹೆಚ್ಚು ಹೊತ್ತಾದರೆ ತುದಿ ಕರಗಿ ಕೈಗೆ ಸಿಗುವುದಿಲ್ಲ.

ಮೊದಲು 10 ಪಟ್ಟಿನ ಲೆನ್ಸಿನಲ್ಲಿ ಚೌಕಾಕಾರದ ಪುಟ್ಟ ಕೋಶಗಳ ಜಾಗ ಹುಡುಕಿ, ಆಮೇಲೆ 40ಕ್ಕೆ ಹೋಗಿ. ಎಲ್ಲಕ್ಕಿಂತ ಹೆಚ್ಚು ಕಾಣುವುದು ಇಂಟರ್‌ಫೇಸ್, ಅಂದರೆ ಎರಡು ವಿಭಜನೆಗಳ ನಡುವಿನ ಹೊತ್ತು, ನಂತರ ಮೈಟೋಸಿಸ್‌ನ ಮೊದಲ ಹಂತವಾದ ಪ್ರೊಫೇಸ್. ಅನಾಫೇಸ್ ಬೇಗ ಮುಗಿಯುವುದರಿಂದ ಅಪರೂಪ. 16 ವರ್ಣತಂತುಗಳನ್ನು ಎಣಿಸುವ ಆಸೆ ಇದ್ದರೆ, ಕತ್ತರಿಸಿದ ತುದಿಗಳನ್ನು ಆಮ್ಲ-ಆಲ್ಕೋಹಾಲ್ ದ್ರಾವಣಕ್ಕೆ ಹಾಕುವ ಮುನ್ನ ಶೇ. 0.05ರ ಕಾಲ್ಚಿಸಿನ್‌ನಲ್ಲಿ 3 ರಿಂದ 4 ಗಂಟೆ ಇಡಬಹುದು. ಕಾಲ್ಚಿಸಿನ್ ಟ್ಯುಬ್ಯುಲಿನ್ ಹಿಡಿಯುವುದರಿಂದ ಸ್ಪಿಂಡಲ್ ಕಟ್ಟುವುದಿಲ್ಲ, ಕೋಶಗಳು ಮೆಟಾಫೇಸ್‌ನಲ್ಲಿ ನಿಲ್ಲುತ್ತವೆ. ಅದು ಕಡು ವಿಷ. ಉಪನ್ಯಾಸಕರೇ ಕೈಗವಸು ಹಾಕಿಕೊಂಡು ಮಾಡಬೇಕು.

ಬ್ಯಾಕ್ಟೀರಿಯಾಕ್ಕೆ ಮನೆಯ ಮೊಸರೇ ಸಾಕು. ಒಂದು ಹನಿಯನ್ನು ಹತ್ತು ಹನಿ ನೀರಿನಲ್ಲಿ ಕದಡಿ, ಸ್ಲೈಡಿನ ಮೇಲೆ ತೆಳ್ಳಗೆ ಹರಡಿ, ಗಾಳಿಗೆ ಒಣಗಿಸಿ, ಜ್ವಾಲೆಯ ಮೇಲಿಂದ ಮೂರು ಸಲ ಬೇಗ ಹಾಯಿಸಿ. ಹಾಲಿನ ಕೊಬ್ಬು ತೆಗೆಯಲು ಕೆಲವು ಹನಿ ಕ್ಸೈಲೀನ್ ಹಾಕಿ ಬಸಿದು, ಆಲ್ಕೋಹಾಲ್‌ನಿಂದ ತೊಳೆದು ಒಣಗಿಸಿ. ಇದನ್ನು ದೀಪ ಆರಿಸಿದ ಮೇಲೇ ಮಾಡಿ, ಎರಡಕ್ಕೂ ಬೆಂಕಿ ಬೇಗ ಹತ್ತುತ್ತದೆ. ಮೆಥಿಲೀನ್ ನೀಲಿಯನ್ನು ಒಂದೆರಡು ನಿಮಿಷ ಬಿಟ್ಟು ನೀರಿನಿಂದ ತೊಳೆದು, ಎಣ್ಣೆ ಹಾಕಿ 100 ಪಟ್ಟಿನ ಲೆನ್ಸಿನಲ್ಲಿ ನೋಡಿ. ಗುಂಡನೆಯ ಕೋಶಗಳ ಜೋಡಿಗಳು, ಸರಗಳು ಕಾಣುತ್ತವೆ, ಮೊಸರಿನ ಹೆಪ್ಪಿನ ಮೇಲೆ ಹೊಂದಿಕೊಂಡು ಕೋಲಿನಾಕಾರದವೂ ಇರಬಹುದು. ಸರ ಏಕೆ ಬಂತೆಂದರೆ ಆ ಜಾತಿ ಪ್ರತಿ ಸಲವೂ ಒಂದೇ ದಿಕ್ಕಿನ ಸಮತಲದಲ್ಲಿ ಒಡೆದು, ಬಿಡಿಸಿಕೊಳ್ಳದೆ ಉಳಿಯುತ್ತದೆ. ಸ್ಟ್ಯಾಫಿಲೋಕಾಕಸ್ ಒಂದಾದ ಮೇಲೊಂದು ಮೂರು ದಿಕ್ಕಿನಲ್ಲಿ ಒಡೆಯುವುದರಿಂದ ಗೊಂಚಲಾಗುತ್ತದೆ. ಕೋಲುಗಳಲ್ಲಿ ನಡುವೆ ಸಣ್ಣಗಾದವು ಸಿಕ್ಕರೆ ಅವು ಒಡೆಯುತ್ತಿರುವವು. ಒಳಗಿನ ಡಿಎನ್‌ಎ ಈ ಬಣ್ಣಕ್ಕೆ ಬೇರೆಯಾಗಿ ಕಾಣುವುದಿಲ್ಲ, ಆದ್ದರಿಂದ ಪ್ರೊಫೇಸ್, ಮೆಟಾಫೇಸ್ ಹುಡುಕಬೇಡಿ. ಎಲ್ಲವೂ ನೀಲಿ ಮುದ್ದೆಯಾಗಿ ಕಂಡರೆ ಮೊಸರು ಗಟ್ಟಿಯಾಗಿ ಹರಡಿದ್ದೀರಿ ಎಂದರ್ಥ, ಬಣ್ಣ ಹಿಡಿದಿರುವುದು ಹಾಲಿನ ಕೇಸಿನ್. ಇನ್ನಷ್ಟು ನೀರು ಬೆರೆಸಿ ಮತ್ತೊಂದು ಸ್ಲೈಡ್ ಮಾಡಿ.